ಮೂರು ಗಂಟೆ ಇಪ್ಪತ್ತು ನಿಮಿಷ

ತಾರೀಕು ಹನ್ನೊಂದು, ಮಂಗಳವಾರ. ಮಧ್ಯಾಹ್ನ ಹನ್ನೆರಡು ಗಂಟೆ ಮೂವತ್ತೈದು ನಿಮಿಷಕ್ಕೆ ವಿಮಾನ ನಿಲ್ದಾಣದ ಪೊಲೀಸ್ ಠಾಣೆಗೆ ಬಂದ ಹೆಂಗಸು ದೂರು ಹೇಳುವ ಮೊದಲು ಕೈಲಿದ್ದ ನೀಲಿ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಅದರಿಂದ ಎರಡು ಹೆಜ್ಜೆ ಹಿಂದೆ ಸರಿದು ನಿಂತಳು.

"ಇದು ನಂದಲ್ಲ," ಎಂದಳು. "ನನ್ನ ಪೆಟ್ಟಿಗೆ ಕಳುವಾಗಿದೆ."

ಇನ್‌ಸ್ಪೆಕ್ಟರ್ ಓದುತ್ತಿದ್ದ ಕಾಗದದಿಂದ ತಲೆಯೆತ್ತಿದಳು. ಪೆಟ್ಟಿಗೆ ಅದಲುಬದಲಾದ ದೂರು ಈ ಠಾಣೆಗೆ ಹೊಸದಲ್ಲ. ಅರ್ಧ ಗಂಟೆಯಲ್ಲಿ ಇಬ್ಬರು ಪ್ರಯಾಣಿಕರೂ ಒಬ್ಬರನ್ನೊಬ್ಬರು ಬೈದುಕೊಂಡು ತಂತಮ್ಮ ಪೆಟ್ಟಿಗೆ ಹಿಡಿದು ಹೋಗುತ್ತಿದ್ದರು. ಆದರೆ ಈ ಹೆಂಗಸಿನ ತುಟಿ ಬೆಳ್ಳಗಾಗಿತ್ತು.

"ಕೂತ್ಕೊಳ್ಳಿ ಅಮ್ಮಾ. ಒಳಗೆ ಏನಿತ್ತು?"

"ಒಬ್ಬರ ಮೂಳೆ ಮಜ್ಜೆಯ ಕಣ. ಸ್ಟೆಮ್ ಸೆಲ್ ಅಂತಾರಲ್ಲ, ಅದು. ತಂಗಿ ಅಣ್ಣನಿಗೆ ಕೊಟ್ಟಿದ್ದು."

ಆಕೆ ನಿವೃತ್ತ ನರ್ಸ್. ಐದು ವರ್ಷದಿಂದ ಇಂಥ ಪೆಟ್ಟಿಗೆಗಳನ್ನು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಕೈಯಲ್ಲೇ ಹಿಡಿದು ಒಯ್ಯುವುದು ಅವಳ ಕೆಲಸ. ತಂಗಿ ಈ ಊರಲ್ಲಿ, ಕಾಯಿಲೆಯ ಅಣ್ಣ ಎರಡು ಸಾವಿರದ ಮುನ್ನೂರ ಹತ್ತು ಕಿಲೋಮೀಟರ್ ಆಚೆಯ ಊರಲ್ಲಿ. ಒಂದು ನಲವತ್ತರ ವಿಮಾನ. ಮೂರು ಗಂಟೆ ಇಪ್ಪತ್ತು ನಿಮಿಷದ ಹಾರಾಟ.

"ತಲುಪದೇ ಹೋದ್ರೆ?"

"ಅಲ್ಲಿ ಅವರ ಸ್ವಂತ ಮಜ್ಜೆಯನ್ನ ಔಷಧಿ ಕೊಟ್ಟು ಪೂರ್ತಿ ಸುಟ್ಟುಬಿಟ್ಟಿದ್ದಾರೆ ಮೇಡಂ. ಇದು ಹೋಗಲೇಬೇಕು. ಇಲ್ದಿದ್ರೆ ಆ ಮನುಷ್ಯ ಉಳಿಯಲ್ಲ."

ಇನ್‌ಸ್ಪೆಕ್ಟರ್ ಎದ್ದಳು. ಆಮೇಲೆ ಸಂಜೆಯವರೆಗೂ ಅವಳು ಕುರ್ಚಿಯ ಮೇಲೆ ನೆಟ್ಟಗೆ ಕೂತದ್ದನ್ನು ಯಾರೂ ನೋಡಲಿಲ್ಲ.

ಹನ್ನೆರಡು ಐವತ್ತಕ್ಕೆ ಎಫ್‌ಐಆರ್ ದಾಖಲಾಯಿತು. ಬರೆದವನು ಹೆಡ್ ಕಾನ್‌ಸ್ಟೇಬಲ್. ಭೂಮಿ ಬಾಯಿಬಿಟ್ಟರೂ ಮೊದಲು ವೇಳೆ ಬರೆದುಕೊಂಡು ಆಮೇಲೆ ಓಡುವ ಮನುಷ್ಯನಾದ್ದರಿಂದ ಠಾಣೆಯಲ್ಲಿ ಎಲ್ಲರೂ ಅವನನ್ನು ಗಡಿಯಾರ ಎಂದೇ ಕರೆಯುತ್ತಿದ್ದರು. ಟಿಕೆಟ್ ಕೌಂಟರಿನ ಗುಮಾಸ್ತ ಮತ್ತು ಪುಸ್ತಕದಂಗಡಿಯವನನ್ನು ಪಂಚರನ್ನಾಗಿ ಕರೆಸಿ ಪೆಟ್ಟಿಗೆಯ ಪಂಚನಾಮೆ ಶುರುವಾಯಿತು.

ಹೊರಗೆ ಆಸ್ಪತ್ರೆಯ ಹೆಸರಿದ್ದ ಜಿಪ್ ಹಾಕಿದ ಬಟ್ಟೆಯ ಹೊದಿಕೆ. ಅದು ನಿಜವಾದದ್ದೇ. ಒಳಗಿನ ಪೆಟ್ಟಿಗೆ ಮಾತ್ರ ಬೇರೆ, ಹಳೆಯದು, ಅಂಚು ಸವೆದದ್ದು. ಅದರೊಳಗೆ ನೀರು ತುಂಬಿದ ನಾಲ್ಕು ಬಾಟಲಿ, ಅಲುಗಾಡದಂತೆ ಸುತ್ತಿದ ಟವೆಲ್. ನಿಜವಾದ ಪೆಟ್ಟಿಗೆಯ ಬದಿಯಲ್ಲಿ ಒಳಗಿನ ತಾಪಮಾನ ತೋರಿಸುವ ಪುಟ್ಟ ಪರದೆ ಇರುತ್ತದೆ, ಇದಕ್ಕೆ ಇರಲಿಲ್ಲ. ಗಂಟೆಗೊಮ್ಮೆ ತಾಪಮಾನ ಬರೆಯಬೇಕಾದ ಹಾಳೆಯನ್ನು ಇನ್‌ಸ್ಪೆಕ್ಟರ್ ಕೈಗೆತ್ತಿಕೊಂಡಳು. ಹನ್ನೊಂದು ಗಂಟೆಗೆ ನಾಲ್ಕೂವರೆ ಡಿಗ್ರಿ. ಹನ್ನೆರಡಕ್ಕೂ ನಾಲ್ಕೂವರೆ.

"ಹನ್ನೆರಡಕ್ಕೆ ಪರದೆ ನೋಡಿದ್ರಾ?"

ನರ್ಸ್ ಹಾಳೆಯಿಂದ ಕಣ್ಣು ತೆಗೆದಳು.

"ಹನ್ನೊಂದಕ್ಕೆ?"

"ಜಿಪ್ ತೆಗೀಬೇಕಾಗತ್ತೆ ಮೇಡಂ. ಕಾರಲ್ಲಿ ಕೂತಿದ್ದೆ. ಅಂದಾಜಲ್ಲಿ ಬರೆದುಬಿಟ್ಟೆ." ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. "ಇನ್ನೂರಕ್ಕೂ ಮೀರಿ ಪೆಟ್ಟಿಗೆ ಒಯ್ದಿದ್ದೀನಿ. ಒಂದೂ ಕೆಟ್ಟಿರಲಿಲ್ಲ."

ಅಂದರೆ ಪೆಟ್ಟಿಗೆ ನಿಲ್ದಾಣದಲ್ಲೇ ಕಳುವಾಯಿತೆಂದು ಹೇಳಲು ಯಾವ ಆಧಾರವೂ ಉಳಿಯಲಿಲ್ಲ. ಹತ್ತು ನಲವತ್ತೈದಕ್ಕೆ ಆಸ್ಪತ್ರೆಯಲ್ಲಿ ಕೈಗೆ ಬಂದದ್ದು, ವಿಮಾನ ಹತ್ತುವ ಮೊದಲೊಮ್ಮೆ ನೋಡೋಣವೆಂದು ಹನ್ನೆರಡೂವರೆಗೆ ಜಿಪ್ ತೆಗೆದದ್ದು. ನಡುವಿನ ಒಂದು ಮುಕ್ಕಾಲು ಗಂಟೆಯಲ್ಲಿ ಎಲ್ಲಿ ಬೇಕಾದರೂ ಆಗಿರಬಹುದು.

"ದಾರೀಲಿ ಎಲ್ಲಾದ್ರೂ ನಿಲ್ಲಿಸಿದ್ರಾ?"

"ಟೈರ್ ಪಂಚರ್ ಆಯ್ತು. ಪೆಟ್ರೋಲ್ ಬಂಕ್ ಪಕ್ಕ."

ಗಡಿಯಾರನ ಮುಖ ಅರಳಿತು. ಅವನಿಗೆ ಚಾಲಕರ ಮೇಲೆ ಮೊದಲಿನಿಂದಲೂ ಗುಮಾನಿ. ಹೊರಗೆ ಕಾರಿನಲ್ಲೇ ಊಟ ಮಾಡುತ್ತಿದ್ದ ಚಾಲಕನನ್ನು ಕೈ ತೊಳೆಯಲೂ ಬಿಡದೆ ಕರೆತಂದ.

"ಟೈರಿಗೆ ಮೊಳೆ ಹೊಡೆದಿದ್ದು ಯಾರು?" ಎಂದು ಗಡಿಯಾರ ಕೇಳಿದ.

"ನಮ್ಮಪ್ಪ," ಎಂದ ಚಾಲಕ. "ಸಾರ್, ಮೊಳೆ ರಸ್ತೇಲಿತ್ತು. ಈ ಅಮ್ಮ ಕೆಳಗಿಳೀಲೇ ಇಲ್ಲ. ಇವರನ್ನೂ ಸೇರಿಸಿ ಜಾಕ್ ಎತ್ತಿದೀನಿ, ನನ್ನ ಸೊಂಟ ಕೇಳಿ ಬೇಕಾದ್ರೆ."

ನರ್ಸ್ ಹೌದೆಂದು ತಲೆಯಾಡಿಸಿದಳು. ಕಾರಿನಲ್ಲಿ ಪೆಟ್ಟಿಗೆ ಅವಳ ತೊಡೆಯ ಮೇಲೇ ಇತ್ತು. ಭದ್ರತಾ ತಪಾಸಣೆಯಲ್ಲಿ ಎಕ್ಸ್‌ರೇ ಯಂತ್ರಕ್ಕೆ ಹಾಕುವಂತಿಲ್ಲವೆಂದು ಪತ್ರ ತೋರಿಸಿದ್ದಳು; ಅವರು ಹೊದಿಕೆ ನೋಡಿ ಬಿಟ್ಟಿದ್ದರು. ಬಂಕಿನ ಕ್ಯಾಮೆರಾ ನೋಡಲು ಹೋದ ಮಹಿಳಾ ಕಾನ್‌ಸ್ಟೇಬಲ್ ಇಪ್ಪತ್ತು ನಿಮಿಷದಲ್ಲಿ ಫೋನ್ ಮಾಡಿದಳು: ಕಾರಿನ ಹಿಂದಿನ ಬಾಗಿಲು ತೆರೆದೇ ಇಲ್ಲ.

ಇನ್‌ಸ್ಪೆಕ್ಟರ್ ಖೊಟ್ಟಿ ಪೆಟ್ಟಿಗೆಯ ಮುಚ್ಚಳವನ್ನು ಮುಚ್ಚುತ್ತ ತೆಗೆಯುತ್ತ ನಿಂತಿದ್ದಳು. ಪ್ರತಿ ಸಲವೂ ಮುಚ್ಚಳ ಮೆತ್ತಗೆ, ಗಾಳಿ ಹೀರಿಕೊಂಡಂತೆ ಕೂರುತ್ತಿತ್ತು. ಇಷ್ಟು ಹಳೆಯ ಪೆಟ್ಟಿಗೆಗೆ ಇಂಥ ಬಿಗಿ ಎಲ್ಲಿಂದ ಬಂತು? ಅಂಚಿನ ಸುತ್ತ ದಪ್ಪನೆಯ ಬೂದುಬಣ್ಣದ ರಬ್ಬರ್ ಪಟ್ಟಿ ಅಂಟಿಸಲಾಗಿತ್ತು. ಹೊಸದು. ಮೂಲೆಗಳನ್ನು ಬ್ಲೇಡಿನಿಂದ ಓರೆಯಾಗಿ ಕೊಯ್ದು ಒಂದಕ್ಕೊಂದು ಕೂಡಿಸಿದ ಕೆಲಸ ನೋಡಿದರೆ ಕೈ ಪಳಗಿದವನದು.

"ಇದು ಫ್ರಿಜ್ ಬಾಗಿಲಿನ ಪಟ್ಟಿ ಅಲ್ವೇನ್ರೀ?"

ಗಡಿಯಾರ ಮೂಸಿಯೂ ನೋಡಿದ. "ಹೌದು ಮೇಡಂ. ನಮ್ಮನೇದು ಹರಿದು ಆರು ತಿಂಗಳಾಯ್ತು."

"ಬರ್ಕೊಳ್ಳಿ. ಆಸ್ಪತ್ರೆಗೆ ಹೋಗೋಣ."

ನಲವತ್ತು ನಿಮಿಷದ ದಾರಿ. ಆಸ್ಪತ್ರೆಯ ಗೇಟು ಕಾಣುವ ಹೊತ್ತಿಗೆ ಒಂದು ನಲವತ್ತರ ವಿಮಾನ ನೆತ್ತಿಯ ಮೇಲೆ ಹಾದುಹೋಯಿತು. ಜೀಪಿನಲ್ಲಿದ್ದ ನರ್ಸ್ ಕಣ್ಣು ಮುಚ್ಚಿಕೊಂಡಳು. ಇನ್‌ಸ್ಪೆಕ್ಟರ್ ಕಿಟಕಿಯಿಂದ ಮೇಲೆ ನೋಡಿದಳು, ಕೂಡಲೇ ನೋಟ ಕಿತ್ತುಕೊಂಡು ಜೀಪಿನ ಚಾಲಕನ ಮೇಲೆ ರೇಗಿದಳು, "ಹಾರ್ನ್ ಹೊಡೀರಿ, ಅದನ್ನ ಯಾಕೆ ಕೊಟ್ಟಿದ್ದಾರೆ?"

ಮೂರನೇ ಮಹಡಿಯಲ್ಲಿ ವೈದ್ಯ ಆಗಲೇ ಕಾಗದದ ಮೇಲೆ ಲೆಕ್ಕ ಹಾಕಿ ಇಟ್ಟುಕೊಂಡಿದ್ದ.

"ಹತ್ತು ಗಂಟೆಗೆ ಕಣ ತೆಗೆದಿದ್ದು ಮುಗೀತು. ತಣ್ಣಗಿದ್ರೆ ನಲವತ್ತೆಂಟು ಗಂಟೆ ಅಂತ ಪುಸ್ತಕದಲ್ಲಿದೆ."

"ಹಾಗಾದ್ರೆ ನಾಡಿದ್ದು ಬೆಳಿಗ್ಗೆವರೆಗೂ ಸಮಯ ಇದೆ."

"ಪುಸ್ತಕಕ್ಕೆ ಇದೆ. ಗಂಟೆ ಕಳೆದ ಹಾಗೆ ಕಣಗಳು ಸಾಯ್ತಾನೇ ಹೋಗ್ತವೆ. ಆ ತಂಗಿಯಿಂದ ಸಿಕ್ಕಿದ್ದೇ ಕಮ್ಮಿ. ನಾಳೆ ಬೆಳಿಗ್ಗೆ ಆರೂವರೆ ವಿಮಾನ ಅಂದ್ರೆ ನಾನು ಭರವಸೆ ಕೊಡಲಾರೆ. ಇವತ್ತು ನಾಲ್ಕು ಮೂವತ್ತೈದಕ್ಕೆ ಇನ್ನೊಂದಿದೆ, ನಡುವೆ ಒಂದು ಊರಲ್ಲಿ ಇಳಿದು ಬದಲಾಯಿಸಬೇಕು. ಒಟ್ಟು ಐದು ಗಂಟೆ ಹತ್ತು ನಿಮಿಷ. ಅದಕ್ಕೆ ಸಿಕ್ಕಿದ್ರೆ ಉಳೀತಾರೆ ಅಂತೀನಿ."

ಅಂದರೆ ಮೂರು ಗಂಟೆಗೆ ಪೆಟ್ಟಿಗೆ ಸಮೇತ ಇಲ್ಲಿಂದ ಹೊರಡಬೇಕು. ಈಗ ಒಂದು ಐವತ್ತು. ಇನ್‌ಸ್ಪೆಕ್ಟರ್ ನರ್ಸ್ ಕಡೆ ತಿರುಗಿದಳು.

"ಪೆಟ್ಟಿಗೆ ಕೈಗೆ ಬಂದ ಮೇಲೆ ಎಲ್ಲಿ ಕೂತಿದ್ರಿ?"

"ಇಲ್ಲೇ. ನೋಡೋಕೆ ಬರೋರು ಕೂರೋ ಕೋಣೆ."

"ಪೆಟ್ಟಿಗೆ ಬಿಟ್ಟು ಎದ್ದಿದ್ರಾ?"

"ಇಲ್ಲ."

"ಅಮ್ಮಾ, ನಾನು ನಿಮ್ಮ ಕೆಲಸ ಕಿತ್ಕೊಳ್ಳೋಕೆ ಬಂದಿಲ್ಲ. ಪ್ರಾಣದ ವಿಷಯ."

ನರ್ಸಿನ ಕಣ್ಣಲ್ಲಿ ನೀರು ಬಂತು. "ಬಾತ್‌ರೂಮಿಗೆ ಹೋಗಿದ್ದೆ. ನಾಲ್ಕು ನಿಮಿಷ ಇರಬಹುದು. ಹಾಗೇ ಬಿಟ್ಟು ಹೋಗ್ಲಿಲ್ಲ. ಆ ತಂಗಿಯ ಗಂಡ ಅಲ್ಲೇ ಇದ್ರು, ಸ್ವಲ್ಪ ನೋಡ್ಕೊಳ್ಳಿ ಅಣ್ಣಾ ಅಂತ ಹೇಳಿ ಹೋದೆ. ಮನೆಯವರೇ ಅಲ್ವಾ?"

ಕಾರಿಡಾರಿನ ಕ್ಯಾಮೆರಾದಲ್ಲಿ ಹತ್ತು ಐವತ್ತೆರಡಕ್ಕೆ ಆ ಗಂಡ ಕೋಣೆಯಿಂದ ಹೊರಬರುವುದು ಕಂಡಿತು. ಕೈಯಲ್ಲಿ ಕಂಬಳಿ, ಬಟ್ಟೆಬರೆ ತುಂಬುವಂಥ ದೊಡ್ಡ ಚೀಲ. ಅವನು ಅದನ್ನು ಭಾರದ ಬಟ್ಟೆಗಂಟಿನಂತೆ ಹೆಗಲಿಗೇರಿಸಿರಲಿಲ್ಲ. ನೀರು ತುಂಬಿದ ಪಾತ್ರೆಯಂತೆ ಎರಡೂ ಕೈಯಲ್ಲಿ ಮಟ್ಟಸವಾಗಿ ಹಿಡಿದಿದ್ದ.

ತಂಗಿ ಕಿಟಕಿಯ ಪಕ್ಕದ ಮಂಚದಲ್ಲಿ ಒರಗಿದ್ದಳು. ಮೂವತ್ತೈದರ ಆಸುಪಾಸು. ಪೊಲೀಸರನ್ನು ನೋಡಿ ಎದ್ದು ಕೂರಲು ನೋಡಿದಳು.

"ಅಣ್ಣನಿಗೆ ತಲುಪ್ತಾ?"

"ತಲುಪಿಸ್ತೀವಿ. ನಿಮ್ಮ ಯಜಮಾನ್ರು ಎಲ್ಲಿ?"

"ಅಂಗಡಿಗೆ ಹೋಗಿ ಬರ್ತೀನಿ ಅಂದ್ರು. ಫ್ರಿಜ್, ಏಸಿ ರಿಪೇರಿ ಮಾಡ್ತಾರೆ. ಯಾರದೋ ಕೆಲಸ ಅರ್ಧಕ್ಕೆ ನಿಂತಿದೆಯಂತೆ."

ಗಡಿಯಾರ ಇನ್‌ಸ್ಪೆಕ್ಟರ್ ಮುಖ ನೋಡಿದ. ಅವಳು ನೋಡದವಳಂತೆ ಮುಂದಿನ ಪ್ರಶ್ನೆ ಕೇಳಿದಳು.

"ನಿಮ್ಮಣ್ಣಂಗೂ ಅವರಿಗೂ ಹೇಗೆ?"

ತಂಗಿ ಕಂಬಳಿಯ ನೂಲು ಕಿತ್ತಳು. "ಮಾತಾಡಿ ಮೂರು ವರ್ಷ ಆಯ್ತು. ಆದ್ರೆ ನಾನು ಕೊಡ್ತೀನಿ ಅಂದಾಗ ಬೇಡ ಅನ್ಲಿಲ್ಲ. ಪ್ರತಿ ಪರೀಕ್ಷೆಗೂ ಅವರೇ ಕರ್ಕೊಂಡು ಬಂದ್ರು."

"ಮೂರು ವರ್ಷದ ಹಿಂದೆ ಏನಾಯ್ತು?"

"ನಮ್ಮ ಮಗಳು ರಜಕ್ಕೆ ಅಣ್ಣನ ಮನೆಗೆ ಹೋಗಿದ್ಲು. ಆರು ವರ್ಷ. ಅಲ್ಲಿ ಜ್ವರ ಬಂತು. ನಮ್ಮತ್ತೆ ಹಾಸಿಗೆ ಹಿಡಿದಿದ್ರು, ನಾನು ಹೊರಡೋ ಹಾಗಿರಲಿಲ್ಲ. ಇವರು ಅವತ್ತು ಸಂಜೆ ವಿಮಾನ ನಿಲ್ದಾಣದವರೆಗೂ ಹೋದ್ರು. ಹೋದವರು ವಾಪಸ್ ಬಂದುಬಿಟ್ರು. ಮಾರನೇ ದಿನ ಹೋಗಿ ಇಳಿಯೋ ಹೊತ್ತಿಗೆ..." ಅವಳು ನಿಲ್ಲಿಸಿದಳು. "ಯಾಕೆ ವಾಪಸ್ ಬಂದ್ರಿ ಅಂತ ಎಷ್ಟು ಸಲ ಕೇಳಿದ್ದೀನೋ. ಇವತ್ತಿಗೂ ಬಾಯಿ ಬಿಟ್ಟಿಲ್ಲ. ನಾನೂ ಕ್ಷಮಿಸಿಲ್ಲ."

ಎರಡು ಹತ್ತಕ್ಕೆ ಜೀಪು ಆಸ್ಪತ್ರೆ ಬಿಟ್ಟಿತು. ಅಂಗಡಿ ಹದಿನೈದು ನಿಮಿಷದ ದೂರ. ಆ ಹದಿನೈದು ನಿಮಿಷದಲ್ಲಿ ಇನ್‌ಸ್ಪೆಕ್ಟರ್ ಮೂರು ಸಲ ಬೆಲ್ಟು ಸಡಿಲಿಸಿ ಬಿಗಿದಳು. ಅವನು ಪೆಟ್ಟಿಗೆಯನ್ನು ಚರಂಡಿಗೆ ಎಸೆದಿದ್ದರೆ? ಬಿಸಿಲಲ್ಲಿಟ್ಟು ಮುಚ್ಚಳ ತೆಗೆದು ಕೂತಿದ್ದರೆ? ಕಳ್ಳನನ್ನು ಹಿಡಿದು ಮಾಲು ಸಿಗದ ಪ್ರಕರಣಗಳು ಅವಳ ಕೈಯಲ್ಲಿ ಬೇಕಾದಷ್ಟು ಆಗಿದ್ದವು. ಅವುಗಳಲ್ಲಿ ಯಾವುದರಲ್ಲೂ ಮಾಲು ಗಂಟೆಗಂಟೆಗೆ ಸಾಯುತ್ತಿರಲಿಲ್ಲ.

ರೋಲಿಂಗ್ ಷಟರ್ ಅರ್ಧ ಇಳಿದಿತ್ತು. ಒಳಗೆ ಬಾಗಿಲು ಕಳಚಿದ ಫ್ರಿಜ್‌ಗಳು, ತಾಮ್ರದ ಕೊಳವೆಯ ಸುರುಳಿಗಳು, ಗೋಡೆಗೆ ತೂಗುಹಾಕಿದ್ದ ಬೂದುಬಣ್ಣದ ರಬ್ಬರ್ ಪಟ್ಟಿಗಳು. ಹಿಂದಿನ ಮೂಲೆಯಲ್ಲಿ ಗುಂಯ್‌ಗುಟ್ಟುತ್ತಿದ್ದ ಒಂದು ಫ್ರಿಜ್ ಮುಂದೆ ಸ್ಟೂಲ್ ಹಾಕಿಕೊಂಡು ಅವನು ಕೂತಿದ್ದ. ಕೈಯಲ್ಲೊಂದು ಥರ್ಮಾಮೀಟರ್. ಮೊಣಕಾಲು ಒಂದೇ ಸಮ ಕುಣಿಯುತ್ತಿತ್ತು.

"ಎಲ್ಲಿ?" ಎಂದಳು ಇನ್‌ಸ್ಪೆಕ್ಟರ್.

ಅವನು ಎದ್ದು ಫ್ರಿಜ್ ಬಾಗಿಲು ತೆರೆದ. ಒಳಗಿನ ಅಡ್ಡ ತಟ್ಟೆಗಳನ್ನೆಲ್ಲ ತೆಗೆದು ಮಾಡಿದ ಜಾಗದಲ್ಲಿ ಪೆಟ್ಟಿಗೆ ನೆಟ್ಟಗೆ ಕೂತಿತ್ತು. ಪುಟ್ಟ ಪರದೆಯ ಮೇಲೆ ನಾಲ್ಕು ಪಾಯಿಂಟ್ ಎರಡು.

"ಮುಚ್ಚಳ ತೆಗೆದಿದ್ರಾ?"

"ಇಲ್ಲ. ಎರಡರಿಂದ ಎಂಟರೊಳಗೆ ಇರಬೇಕು ಅಂತ ಡಾಕ್ಟರ್ ಮೊದಲೇ ಹೇಳಿದ್ರು. ನಾಲ್ಕೂವರೆ ದಾಟೋಕೆ ಬಿಟ್ಟಿಲ್ಲ."

"ಹೊದಿಕೆಯಿಂದ ತೆಗೆದು ನಿಮ್ಮ ಪೆಟ್ಟಿಗೆ ಇಟ್ರಿ."

"ಹೌದು."

"ಅದು ಎಲ್ಲಿಂದ ಬಂತು?"

"ಗುಜರಿಯಿಂದ. ಎರಡು ವಾರ ಆಯ್ತು."

"ಇದು ಹೋಗದಿದ್ರೆ ನಿಮ್ಮ ಭಾವ ಸಾಯ್ತಾರೆ ಅಂತ ಗೊತ್ತಿತ್ತಾ?"

"ನಲವತ್ತೆಂಟು ಗಂಟೆ ಇದೆ ಮೇಡಂ," ಎಂದ ಅವನು. ಆ ಸಂಖ್ಯೆಯನ್ನು ಹಿಡಿದುಕೊಂಡೇ ಇಷ್ಟು ಹೊತ್ತು ಕೂತಿದ್ದನೆಂಬುದು ಅವನ ದನಿಯಲ್ಲಿತ್ತು. "ಸಾಯಲ್ಲ."

"ನಿಮ್ಮ ಹೆಂಡತಿಯಿಂದ ಕಮ್ಮಿ ಸಿಕ್ಕಿದೆಯಂತೆ. ನಾಳೆ ಅಂದ್ರೆ ಭರವಸೆ ಇಲ್ಲ ಅಂತ ಅದೇ ಡಾಕ್ಟರ್ ಹೇಳಿದ್ರು."

ಅವನು ಗೋಡೆಗೆ ಕೈ ಊರಿದ. "ಹಾಗಾದ್ರೆ ಬೇಗ ತಗೊಂಡು ಹೋಗಿ," ಎಂದ. "ನಿಂತಿದ್ದೀರಲ್ಲ, ತಗೊಂಡು ಹೋಗಿ!"

ತಗೊಂಡು ಹೋಗುವುದೇ ಈಗ ತೊಡಕಾಗಿತ್ತು. ಜಪ್ತಿ ಪಂಚನಾಮೆ ಆದೊಡನೆ ಪೆಟ್ಟಿಗೆ ಮುದ್ದೆಮಾಲು. ನ್ಯಾಯಾಲಯದ ಅಪ್ಪಣೆಯಿಲ್ಲದೆ ಅದು ಪೊಲೀಸರ ವಶ ಬಿಟ್ಟು ಕದಲುವಂತಿಲ್ಲ. ಪಕ್ಕದಂಗಡಿಯ ಇಬ್ಬರನ್ನು ನಿಲ್ಲಿಸಿಕೊಂಡು ಗಡಿಯಾರ ಪಂಚನಾಮೆ ಬರೆಯತೊಡಗಿದ. ಮಹಿಳಾ ಕಾನ್‌ಸ್ಟೇಬಲ್ ಫೋಟೋ ತೆಗೆದಳು. ಇನ್‌ಸ್ಪೆಕ್ಟರ್ ಮ್ಯಾಜಿಸ್ಟ್ರೇಟರ ಕಚೇರಿಗೆ ಫೋನ್ ಹಚ್ಚಿದಳು. ಸಾಹೇಬರು ಪೀಠದಲ್ಲಿದ್ದಾರೆ, ನಾಲ್ಕು ಗಂಟೆಗೆ ಸಿಗುತ್ತಾರೆ ಎಂದಿತು ಆ ಕಡೆಯ ದನಿ.

ಎರಡು ಐವತ್ತೆರಡು. ಅವಳು ಅಂಗಡಿಯ ಈ ಗೋಡೆಯಿಂದ ಆ ಗೋಡೆಗೆ ಎರಡು ಸಲ ನಡೆದಳು.

"ಪೊಲೀಸರ ವಶ ಬಿಡಬಾರದು. ಅಷ್ಟೇ ಅಲ್ವೇನ್ರೀ?"

"ಹೌದು ಮೇಡಂ."

"ಪೊಲೀಸರು ಎಲ್ಲಿರಬೇಕು ಅಂತ ಏನಾದ್ರೂ ಬರೆದಿದೆಯಾ?"

ಗಡಿಯಾರನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಪೆನ್ನು ಕೈಯಿಂದ ಜಾರಿತು. "ಮೇಡಂ, ನಾನಾ? ಹನ್ನೊಂದು ವರ್ಷದಿಂದ ಆ ಠಾಣೇಲಿದ್ದೀನಿ, ಒಂದು ದಿನ ವಿಮಾನದ ಮೆಟ್ಟಿಲೂ ಹತ್ತಿಲ್ಲ. ನಂಗೆ ಜಾರುಬಂಡಿಯಲ್ಲೂ ತಲೆ ಸುತ್ತತ್ತೆ."

"ಕಣ್ಮುಚ್ಕೊಂಡು ಹೋಗಿ. ಪೆಟ್ಟಿಗೆ ಮಾತ್ರ ಕೈಬಿಡಬೇಡಿ. ನರ್ಸಮ್ಮನೂ ಜೊತೆಗೆ ಬರ್ತಾರೆ. ಗಂಟೆಗೊಂದು ಸಲ ತಾಪಮಾನ ಇಬ್ಬರೂ ನೋಡಿ, ಇಬ್ಬರೂ ಸಹಿ ಹಾಕಿ."

ನಂತರ ಮೇಲಧಿಕಾರಿಗಳಿಂದ ಇದಕ್ಕೆ ವಿವರಣೆ ಕೇಳಿ ಮೆಮೊ ಬಂತು. ಮ್ಯಾಜಿಸ್ಟ್ರೇಟರು ಮಾತ್ರ ನಾಲ್ಕು ಹದಿನೈದಕ್ಕೆ ವಿಷಯ ಕೇಳಿ, ಮಾಡಿದ್ದು ಸರಿ, ಲಿಖಿತ ಅರ್ಜಿ ಕಳಿಸಿ ಎಂದಿದ್ದರು. ನಾಲ್ಕು ಮೂವತ್ತೆಂಟಕ್ಕೆ ವಿಮಾನ ನೆಲ ಬಿಟ್ಟಿತು. ಬಿಡುವ ಮೊದಲು ಗಡಿಯಾರ ಕಳಿಸಿದ ಸಂದೇಶ: 'ಬಾಗಿಲು ಹಾಕಿದರು. ನಾಲ್ಕು ಪಾಯಿಂಟ್ ಒಂದು. ಮನೆಗೆ ತಿಳಿಸಿ.'

ಬಂಧನದ ವೇಳೆ ಮೂರು ಗಂಟೆ ಐದು ನಿಮಿಷವೆಂದು ದಾಖಲಾಗಿತ್ತು. ಐದು ಗಂಟೆಗೆ ಠಾಣೆಯ ಒಳಕೋಣೆಯಲ್ಲಿ ಇನ್‌ಸ್ಪೆಕ್ಟರ್ ಅವನ ಹೇಳಿಕೆ ಬರೆದುಕೊಂಡಳು.

"ಮೂರು ವರ್ಷದ ಹಿಂದೆ ಯಾಕೆ ವಾಪಸ್ ಬಂದ್ರಿ?"

ಅವನು ಮೇಜಿನ ಮೇಲಿನ ನೀರಿನ ಲೋಟವನ್ನು ಅತ್ತ ಸರಿಸಿದ, ಇತ್ತ ಸರಿಸಿದ.

"ಟಿಕೆಟ್ ಕೈಲಿತ್ತು. ಒಳಗೆ ಹೋಗೋ ಸಾಲಲ್ಲಿ ನಿಂತಿದ್ದೆ. ಭಾವ ಫೋನ್ ಮಾಡಿದ್ರು. ಬರೀ ಜ್ವರ, ಮಲಗಿದಾಳೆ, ಸುಮ್ನೆ ಗಾಬರಿ ಬಿದ್ದು ಬರಬೇಡ, ನಾಳೆ ನಿಧಾನಕ್ಕೆ ಬಾ ಅಂದ್ರು. ಆಗಲೇ ಅವಳನ್ನ ಆಸ್ಪತ್ರೆಗೆ ಸೇರಿಸಿದ್ರಂತೆ. ನಾವು ಬೈತೀವಿ ಅಂತ ಹೆದರಿ ಹೇಳ್ಲಿಲ್ಲವಂತೆ. ಬೆಳಿಗ್ಗೆ ಆರೂವರೆಗೆ ಹತ್ತಿದೆ. ಅವಳು ಹೋಗಿದ್ದು ಎಂಟೂಕಾಲಿಗೆ. ನಾನು ಇಳಿದಿದ್ದು ಹತ್ತಕ್ಕೆ ಹತ್ತು ನಿಮಿಷ ಇದ್ದಾಗ. ಅಷ್ಟು ಹೊತ್ತು ಮಡಿಲಲ್ಲಿ ಬಣ್ಣದ ಪೆನ್ಸಿಲ್ ಡಬ್ಬ ಇಟ್ಕೊಂಡು ಕಿಟಕಿಯಲ್ಲಿ ಮೋಡ ನೋಡ್ತಾ ಕೂತಿದ್ದೆ."

"ಹೆಂಡತಿಗೆ ಯಾಕೆ ಹೇಳ್ಲಿಲ್ಲ?"

"ಮಗಳು ಹೋದ್ಲು. ಇದ್ದ ಒಬ್ಬ ಅಣ್ಣನೂ ಹೋಗೋದು ಬೇಡ ಅಂತ."

"ಮತ್ತೆ ಇವತ್ತು?"

"ಇವಳು ಕೊಡ್ತೀನಿ ಅಂದ್ಲು. ಆಗ ಹೇಳಿದ್ರೆ ಕೊಡ್ತಿರಲಿಲ್ಲ. ಕೊಡಲಿ, ಬದುಕಲಿ ಅಂತಲೇ ಇತ್ತು ನಂಗೆ. ಒಂದು ದಿನ ಕಾಯಲಿ ಅನ್ನಿಸ್ತು, ಅಷ್ಟೇ. ಬರತ್ತೋ ಇಲ್ವೋ ಅಂತ ಬಾಗಿಲು ನೋಡ್ತಾ ಒಂದೇ ಒಂದು ದಿನ."

ಬಂಧನದ ವೇಳೆ ಅವನ ಜೇಬಿನಿಂದ ತೆಗೆದ ವಸ್ತುಗಳ ಪಟ್ಟಿ ಇನ್‌ಸ್ಪೆಕ್ಟರ್ ಮುಂದಿತ್ತು: ಬೀಗದ ಕೈ ಎರಡು, ಫೋನ್ ಒಂದು, ಸ್ಕ್ರೂಡ್ರೈವರ್ ಒಂದು, ಮಡಿಸಿದ ವಿಮಾನದ ಟಿಕೆಟ್ ಒಂದು. ನಾಳೆ ಬೆಳಿಗ್ಗೆ ಆರೂವರೆಯದು. ಕೊಂಡದ್ದು ನಾಲ್ಕು ದಿನದ ಹಿಂದೆ. ಪ್ರಯಾಣಿಕನ ಹೆಸರು ಅವನದೇ.

"ನೀವೇ ಒಯ್ಯೋರಿದ್ರಾ?"

"ಹೂಂ. ಕೈಗೆ ಕೊಟ್ಟು, ಎಲ್ಲ ಹೇಳಿಬಿಡೋಣ ಅಂತ."

ಅವಳು ಅದನ್ನೂ ಬರೆದುಕೊಂಡಳು. ಪೆನ್ನಿನ ಮುಚ್ಚಳ ಹಾಕಿ ತಲೆಯೆತ್ತಿದಾಗ ಬಾಗಿಲ ಬಳಿ ತಂಗಿ ನಿಂತಿದ್ದಳು. ಆಸ್ಪತ್ರೆಯವರು ಬೇಡವೆಂದರೂ ಆಟೋ ಹಿಡಿದು ಬಂದಿದ್ದಳು. ಮೊಣಕೈಗೆ ಹತ್ತಿಯ ಪಟ್ಟಿ ಇನ್ನೂ ಅಂಟಿತ್ತು. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಮಹಿಳಾ ಕಾನ್‌ಸ್ಟೇಬಲ್ ತಡೆದಿರಲಿಲ್ಲ.

ಅವಳು ಗಂಡನನ್ನೇ ನೋಡುತ್ತಿದ್ದಳು. "ಸಾಲಲ್ಲಿ ನಿಂತಿದ್ರಾ?"

ಅವನು ತಲೆ ತಗ್ಗಿಸಿದ.

"ಅಣ್ಣ ಬರಬೇಡ ಅಂದ್ನಾ?"

"ಹೂಂ."

ತಂಗಿ ಒಳಗೆ ಬಂದು ಅವನ ಪಕ್ಕದ ಬೆಂಚಿನ ಮೇಲೆ ಕೂತಳು. ಅಳಲಿಲ್ಲ. ಮೂರು ವರ್ಷ ಆಡಿದ ಮಾತುಗಳನ್ನೆಲ್ಲ ಒಂದೊಂದಾಗಿ ನೆನೆಸಿಕೊಳ್ಳುತ್ತಿರುವಂತೆ ಗೋಡೆ ನೋಡುತ್ತಿದ್ದಳು. ಇನ್‌ಸ್ಪೆಕ್ಟರ್ ಹೇಳಿಕೆಯ ಹಾಳೆಗಳನ್ನು ಜೋಡಿಸುವ ನೆಪದಲ್ಲಿ ತಡಮಾಡಿದಳು.

ಪೆಟ್ಟಿಗೆ ತಲುಪಿದ ಸುದ್ದಿ, ಕಣಗಳಲ್ಲಿ ನೂರಕ್ಕೆ ಎಂಬತ್ತೊಂದು ಜೀವಂತ ಇವೆಯೆಂಬ ವರದಿ, ಮರುದಿನ ಬೆಳಿಗ್ಗೆ ಠಾಣೆಗೆ ಬಂದವು. ಅದನ್ನು ತಿಳಿಸಲು ಇನ್‌ಸ್ಪೆಕ್ಟರ್ ತಾನೇ ತಂಗಿಯ ಮನೆಗೆ ಹೋದಳು. ತಂಗಿ ಕೇಳಿಸಿಕೊಂಡು, ಒಳ್ಳೆಯದಾಯಿತು ಎಂದಳು. ಮನಸ್ಸಿನಿಂದಲೇ ಅಂದಳು.

"ಯಾರು ಕದ್ದರು ಅಂತ ನಿಮ್ಮಣ್ಣನಿಗೆ ಇನ್ನೂ ಹೇಳಿಲ್ಲ. ಹುಷಾರಾದ ಮೇಲೆ ಹೇಳಿಕೆ ತಗೋಬೇಕಾಗತ್ತೆ."

"ಎಷ್ಟು ದಿನ ಆಗಬಹುದು?"

"ಡಾಕ್ಟರ್ ನೂರು ದಿನ ಅಂತಾರೆ."

"ಅಲ್ಲಿವರೆಗೂ ನೀವ್ಯಾರೂ ಹೇಳಬೇಡಿ ಮೇಡಂ. ನಾನೇ ಹೋಗಿ ಹೇಳ್ತೀನಿ. ಫೋನಲ್ಲಿ ಬೇಡ," ಎಂದಳು ತಂಗಿ. ಆಮೇಲೆ ಒಳಗೆ ಹೋಗಿ ಗಂಡನಿಗೆ ಕೊಡಬೇಕಾದ ಬಟ್ಟೆಗಳನ್ನು ಮಡಿಸತೊಡಗಿದಳು. ಜಾಮೀನು ಅರ್ಜಿಯ ವಿಚಾರಣೆ ಹನ್ನೊಂದು ಗಂಟೆಗಿತ್ತು.